ಇಳಿಜಾರಿನಲ್ಲಿ ಇಲ್ಲದ ಹುಂಜ

“ಕೋಳಿ ಯಾವತ್ತಾದ್ರೂ ಕೆಮ್ಮುತ್ತಾ?”

ಟ್ರಕ್ಕಿನೊಳಗೆ ನಾನೊಬ್ಬನೇ ಇದ್ದೆ. ಕೇಳಿದ್ದು ಯಾರನ್ನೂ ಅಲ್ಲ. ಬೆಳಿಗ್ಗೆ ಎಂಟು ಗಂಟೆಯೂ ಆಗಿರಲಿಲ್ಲ. ಕೀಲಿಕೈಯನ್ನು ಅದರ ಕಿಂಡಿಗೆ ತೂರಿಸಲು ಮೂರು ಸಲ ನೋಡಿದೆ, ಆಗಲಿಲ್ಲ. ಕೊನೆಗೆ ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿಕೊಂಡು, ಉಸಿರು ಹದಕ್ಕೆ ಬರಲಿ ಎಂದು ಕಾದು ಕೂತೆ.

ಆ ಬೆಳಗಿನ ಜಾವ ನಾನು ನನ್ನಕ್ಕ ನದೀನಳ ಹುಲ್ಲುಗಾವಲಿನಾಚೆಯ ಇಳಿಜಾರಿನಲ್ಲಿದ್ದೆ. ಸಿಡಿಲು ಬಡಿದು ಸೀಳಿದ ಓಕ್ ಮರಕ್ಕೆ ಬೆನ್ನು ಕೊಟ್ಟು, ಮುಂದೆ ಬಿದ್ದಿದ್ದ ದಿಮ್ಮಿಯ ಮರೆಯಲ್ಲಿ, ಎಲೆಬಣ್ಣದ ಬಟ್ಟೆ ತೊಟ್ಟು, ತೊಡೆಯ ಮೇಲೆ ಕೋವಿ ಇಟ್ಟುಕೊಂಡು ಕುಳಿತಿದ್ದೆ. ವಸಂತದ ಕಾಡು ಟರ್ಕಿ ಕೋಳಿಯ ಬೇಟೆಯೆಂದರೆ ಬಹುಪಾಲು ಕೂರುವುದೇ. ಹುಂಜವನ್ನು ಅಟ್ಟಿಕೊಂಡು ಹೋಗಬಾರದು. ಹೇಟೆಯ, ಅಂದರೆ ಹೆಣ್ಣಿನ, ದನಿಯಲ್ಲಿ ಕರೆದು ತನ್ನ ಬಳಿಗೆ ಬರಿಸಿಕೊಳ್ಳಬೇಕು. ಕೂಗು ಕೇಳಿದ ಕಡೆಗೆ ನುಸುಳಿಕೊಂಡು ಹೋದವನಿಗೆ, ಕೂಗುತ್ತಿರುವುದು ಹೇಟೆಯೋ, ಹೇಟೆಯಂತೆ ಕೂಗುವ ಇನ್ನೊಬ್ಬ ಮನುಷ್ಯನೋ ಗೊತ್ತಾಗುವುದಿಲ್ಲ. ಇದನ್ನು ನನಗೆ ಕಲಿಸಿದವನು ತಾಯಿಯ ತಮ್ಮ, ಡೆಲ್ಮರ್ ಮಾಮ. ಕೆಂಪು, ಬಿಳಿ, ನೀಲಿ ಬಣ್ಣದ ಒಂದು ಎಳೆಯೂ ಮೈಮೇಲೆ ಕಾಣಬಾರದು, ಹುಂಜದ ತಲೆಯ ಬಣ್ಣಗಳೇ ಅವು, ಎಂದು ಕಲಿಸಿದವನೂ ಅವನೇ.

ದೇವದಾರಿನ ಪುಟ್ಟ ಪೆಟ್ಟಿಗೆಯ ಮುಚ್ಚಳ ಉಜ್ಜಿ, ಹೇಟೆಯ ದನಿ ಹೊರಡಿಸಿ, ಎರಡು ಸಲ ಕರೆದೆ. ದೂರದ ಕಣಿವೆಯಿಂದ ಒಂದು ಹುಂಜ ಗೊಳಗೊಳ ಎಂದು ಓಗೊಟ್ಟು ಸುಮ್ಮನಾಯಿತು. ಅರ್ಧ ಗಂಟೆ ಕಳೆಯಿತು. ಆಮೇಲೆ ಬಲಗಡೆಯ ತರಗೆಲೆಯಲ್ಲಿ ಹೆಜ್ಜೆ ಕೇಳಿಸಿತು: ಎರಡು ಹೆಜ್ಜೆ, ಒಂದು ನಿಲುಗಡೆ, ಮತ್ತೆ ಮೂರು. ತರಗೆಲೆಯಲ್ಲಿ ಟರ್ಕಿ ನಡೆದರೂ ಮನುಷ್ಯ ನಡೆದರೂ ಸದ್ದು ಒಂದೇ. ನಾನು ಹಿಗ್ಗಿದೆ. ಅಷ್ಟರಲ್ಲಿ ಓಕ್ ಹೂವಿನ ಪುಡಿ ಮೂಗು ಹೊಕ್ಕು ಸೀನು ಒತ್ತರಿಸಿಕೊಂಡು ಬಂತು. ಸದ್ದಾಗದಿರಲೆಂದು ಜೇಬಿನಿಂದ ಕರವಸ್ತ್ರ ತೆಗೆದು ಮೂಗನ್ನು ಅದುಮಿ ಹಿಡಿದೆ. ತಲೆ ತಗ್ಗಿಸಿದೆ, ಎತ್ತಿದೆ, ಮತ್ತೆ ತಗ್ಗಿಸಿದೆ. ಕರವಸ್ತ್ರ ಬಿಳಿಯದು. ಇಪ್ಪತ್ತೆಂಟು ವರ್ಷ ಬೇಟೆಯಾಡಿದವನು ಅದನ್ನು ಜೇಬಿನಲ್ಲಿಟ್ಟುಕೊಂಡು ಕಾಡಿಗೆ ಹೋಗಿದ್ದೆ.

ಆಗ, ಹೆಜ್ಜೆ ನಿಂತ ಕಡೆಯಿಂದ, ಕೆಮ್ಮು ಕೇಳಿತು. ಒಣ ಕೆಮ್ಮು, ಜೋಡಿ ಕೆಮ್ಮು, ಅಂಗೈಯಲ್ಲಿ ಅದುಮಿಟ್ಟದ್ದು. ಅದರ ಹಿಂದೆಯೇ ಈಡು ಹಾರದಂತೆ ತಡೆಯುವ ಕೋವಿಯ ಸೇಫ್ಟಿ ಗುಂಡಿ ಸರಿದ ಸಣ್ಣ ಸದ್ದು.

ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಲುಗಾಡಬಾರದು, ಕೈ ಬೀಸಬಾರದು, ಮನುಷ್ಯನ ದನಿಯಲ್ಲಿ ಗಟ್ಟಿಯಾಗಿ ಮಾತಾಡಬೇಕು. ನನಗೆ ಮಾತೇ ಹೊರಡಲಿಲ್ಲ. ಮೊದಲೇ ನಾನು ಮಾತಿನವನಲ್ಲ, ಕೇಳುವವನು. ತಾಯಿಯ ಕಡೆಯ ಅಜ್ಜಿಯ ಕಾಲ ಬಳಿ ಕೂತು ಅವಳು ಹೇಳುವ ಪದ್ಯಗಳನ್ನು ಕೇಳುತ್ತ ಬೆಳೆದವನು. ಅವಳೇ ಕಟ್ಟಿದ ಒಂದು ಸಂಜೆಯ ಪ್ರಾರ್ಥನೆ ಇತ್ತು. ದೀಪ ಆರಿಸುವ ಮೊದಲು ನಮ್ಮಿಂದ ಹೇಳಿಸುತ್ತಿದ್ದಳು. ನಮ್ಮ ಮನೆಯ ಹೊರಗೆ ಅದು ಯಾರಿಗೂ ಗೊತ್ತಿಲ್ಲ. ನನ್ನ ಗಂಟಲಿನಿಂದ ಹೊರಗೆ ಬಂದದ್ದು ಅದೊಂದೇ:

“ದೀಪ ಆರಿದರೂ ಆರದವನೇ, ಈ ಉಸಿರು ನಿನ್ನದು, ನಿನ್ನ ಅಂಗೈಯಲ್ಲಿ ಇಟ್ಟುಕೋ.”

ಈಡು ಹಾರಲಿಲ್ಲ. ಹೆಜ್ಜೆಗಳು ಹಿಂದಕ್ಕೆ ಸರಿದವು, ಆಮೇಲೆ ಎಡವುತ್ತ ಓಡಿದವು. ಎದ್ದು ನೋಡುವ ಧೈರ್ಯ ನನಗೆ ಬರಲಿಲ್ಲ. ಮರ್ಯಾದಸ್ಥನಾದರೆ ತಪ್ಪಾಯಿತು ಅನ್ನುತ್ತಾನೆ, ಹತ್ತಿರ ಬಂದು ಭುಜ ಮುಟ್ಟಿ ನೋಡುತ್ತಾನೆ. ಇವನು ಮನುಷ್ಯನ ದನಿ ಕೇಳಿದ ಮೇಲೂ ಬಾಯಿ ಬಿಡದೆ ಹೋದ. ಕೋವಿಗಿಂತ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದು.

ಮಧ್ಯಾಹ್ನ ಒಂದಕ್ಕೆ ಆ ದಿನದ ಬೇಟೆ ನಿಲ್ಲಿಸಬೇಕೆಂಬುದು ಇಲ್ಲಿಯ ಕಾನೂನು. ಒಂದೂಕಾಲಿಗೆಲ್ಲ ಎಲ್ಲರೂ ಗ್ರೇಟಾಳ ಹೋಟೆಲಿನಲ್ಲಿ ಕಾಫಿಯ ಮುಂದಿರುತ್ತಾರೆ. ಅಲ್ಲಿ ಬಾಗಿಲ ಪಕ್ಕದ ಗೋಡೆಗೆ ಒಂದು ಹಲಗೆ ಇದೆ. ಸುತ್ತಲಿನ ಒಂದೊಂದು ಗುಡ್ಡಕ್ಕೂ ಕಣಿವೆಗೂ ಹಲಗೆಯಲ್ಲಿ ಒಂದೊಂದು ಮೊಳೆ. ನಮಗೆ ಒಬ್ಬೊಬ್ಬರಿಗೂ ಹೆಸರು ಬರೆದ, ಕೋವಿಯಲ್ಲಿ ಹೊಡೆದು ಖಾಲಿಯಾದ ಒಂದೊಂದು ತೋಟೆ. ನಾಳೆ ಎಲ್ಲಿ ಕೂರುವೆವೋ ಆ ಮೊಳೆಗೆ ತೋಟೆ ನೇತುಹಾಕಬೇಕು. ಒಬ್ಬರ ತೋಟೆ ಇರುವ ಮೊಳೆಗೆ ಇನ್ನೊಬ್ಬರು ಹಾಕುವಂತಿಲ್ಲ. ನಾವು ಒಬ್ಬರನ್ನೊಬ್ಬರು ಕೊಲ್ಲದೆ ಇಷ್ಟು ವರ್ಷ ಬಾಳಿರುವುದು ಆ ಹಲಗೆಯಿಂದ.

ಒಳಗೆ ಹೋದವನೇ ಹಲಗೆ ನೋಡಿದೆ. ಇಳಿಜಾರಿನ ಮೊಳೆಯಲ್ಲಿ ನನ್ನ ತೋಟೆಯೊಂದೇ ಇತ್ತು. ಹಾಗಾದರೆ ಯಾರೋ ಹೊರಗಿನವನು. ಹೊರಗಿನವನೇ ಆಗಿರಲಿ ದೇವರೇ, ಎಂದು ಮನಸ್ಸಿನಲ್ಲೇ ಬೇಡಿಕೊಂಡು ಮೂಲೆಯಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಅಕ್ಕ ಮಾಮನನ್ನು ಕರೆತಂದಳು. ವಾರದ ದಿನಗಳಲ್ಲಿ ಶಾಲೆಯ ಬಸ್ಸು ಓಡಿಸುವ ಅವಳು ಹೀಗೆ ಅವನನ್ನು ತಂದು ಬಿಡುತ್ತಾಳೆ, ವಾಪಸು ಕರೆದೊಯ್ಯುವುದು ನನ್ನ ಪಾಲು. ಅವನು ಯಾವತ್ತಿನಂತೆ ಕೋವಿಯನ್ನು ನನ್ನ ಟ್ರಕ್ಕಿನಲ್ಲಿಟ್ಟು ಒಳಗೆ ಬಂದ. ಮಾಮನಿಗೆ ಎಪ್ಪತ್ತೆಂಟು. ಅವನ ತೋಟೆ ಮನೆಯ ಹಿಂದಿನ ಕಣಿವೆಯ ಮೊಳೆ ಬಿಟ್ಟು ಅಲುಗಿದ್ದೇ ಇಲ್ಲ. ಆ ಕಣಿವೆಗೂ ನದೀನಳ ಇಳಿಜಾರಿಗೂ ನಡುವೆ ಇರುವುದು ಒಂದು ಮುರುಕು ಬೇಲಿ.

ಮೇವಿನ ಅಂಗಡಿಯ ಬಾಯ್ಡ್‌ಗೆ ಅವನನ್ನು ಕೆಣಕದೆ ಊಟ ಸೇರುವುದಿಲ್ಲ. “ಏನ್ ಡೆಲ್ಮರಣ್ಣ, ಇವತ್ತೂ ಬರಿಗೈನಾ? ಹೋದ ವರ್ಷ ತಪ್ಪಿಸ್ಕೊಂಡ ಹುಂಜ ಇಪ್ಪತ್ತು ಪೌಂಡಿತ್ತು. ಈ ವರ್ಷ ಎಷ್ಟಾಗಿದೆ?”

“ನಿನ್ನ ಅಂಗಡಿ ತಕ್ಕಡೀಲಿ ತೂಗಿದ್ರೆ ಮೂವತ್ತು,” ಎಂದ ಮಾಮ, ಕುರ್ಚಿ ಎಳೆದುಕೊಳ್ಳುತ್ತ. “ದೇವರ ತಕ್ಕಡೀಲಿ ಇಪ್ಪತ್ನಾಲ್ಕು.”

ಎಲ್ಲರೂ ನಕ್ಕು ಹತ್ತಿರ ಸರಿದರು. ಮಾಮ ಕಥೆ ಹೇಳಲು ಶುರುಮಾಡಿದರೆ ಗ್ರೇಟಾ ಕೂಡ ಒಲೆ ಸಣ್ಣ ಮಾಡಿ ಬಂದು ನಿಲ್ಲುತ್ತಾಳೆ. ಬೆಳಕು ಹರಿಯುವಾಗ ಹೇಟೆಯೊಂದು ಕರೆದದ್ದು, ಅದಕ್ಕೆ ಹುಂಜ ಓಗೊಟ್ಟದ್ದು, ಹೇಟೆಯಿದ್ದಲ್ಲಿಗೆ ಹುಂಜ ಬಂದೇ ಬರುತ್ತದೆಂದು ತಾನು ಬೇಲಿ ದಾಟಿ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಏರಿದ್ದು, ಎಲ್ಲವನ್ನೂ ಅವಸರವಿಲ್ಲದೆ ಹೇಳಿದ. ಸಿಡಿಲು ಬಡಿದ ಓಕ್ ಬಂತು. ದಿಮ್ಮಿ ಬಂತು. ನನ್ನ ಕಾಫಿಯ ಬಟ್ಟಲನ್ನು ಕೆಳಗಿಟ್ಟೆ.

“ದಿಮ್ಮಿ ಮೇಲೆ ಬೆಳ್ಳಗೆ ತಲೆ ಎದ್ದಿತು ಕಣ್ರಪ್ಪ. ಇಳೀತು. ಮತ್ತೆ ಎದ್ದಿತು. ಅಂಥಾ ಬಿಳಿ ನಾನು ಈ ಜನ್ಮದಲ್ಲಿ ನೋಡಿಲ್ಲ.” ಮಾಮ ಇಲ್ಲದ ಕೋವಿಯನ್ನು ಕೆನ್ನೆಗೆ ಆನಿಸಿ ಒಂದು ಕಣ್ಣು ಮುಚ್ಚಿದ. “ನಳಿಗೆ ತುದೀಲಿ ಗುರಿ ನೋಡೋ ಮಣಿ ಅದರ ತಲೆ ಮೇಲೆ ಕೂತಿತ್ತು. ಬೆರಳು ಎಳೀತಾ ಇತ್ತು.”

ಅವನು ಹೇಳುತ್ತಿದ್ದದ್ದು ನನ್ನ ತಲೆಯನ್ನು. ನಲವತ್ತು ಗಜದಿಂದ ಚರೆಗುಂಡು ಹೊಡೆದರೆ ಮುಖದಲ್ಲಿ ಏನು ಉಳಿಯುತ್ತದೆಂದು ನನಗೆ ಗೊತ್ತಿತ್ತು. ನನ್ನ ಕೈ ತಾನಾಗಿ ಮೂಗನ್ನು ಮುಟ್ಟಿ ನೋಡಿಕೊಂಡಿತು.

“ಆಮೇಲೆ?” ಎಂದ ಬಾಯ್ಡ್.

ಮಾಮ ತಡವರಿಸಿದ. ಅಂಥ ಜಾಗದಲ್ಲಿ ಅವನು ತಡವರಿಸಿದ್ದನ್ನು ನಾನು ಕೇಳಿಯೇ ಇರಲಿಲ್ಲ. “ಆಮೇಲೆ ಕೆಮ್ಮು ಬಂತು,” ಎಂದ. “ಹುಂಜ ಹೋಯ್ತು.” ಹೇಳುವಾಗಲೇ ಮತ್ತೆ ಕೆಮ್ಮಿದ, ಅಂಗೈಯಲ್ಲಿ, ಎರಡು ಸಲ.

ಹೋಟೆಲೇ ನಕ್ಕಿತು. ನದೀನ್ ಎದ್ದು ಹೋಗಿ, ಇಳಿಜಾರಿನ ಮೊಳೆಯಿಂದ ನನ್ನ ತೋಟೆ ತೆಗೆದು, ತನ್ನದನ್ನು ತಗುಲಿಸಿದಳು. ನಾಳೆ ಶನಿವಾರ, ಬಸ್ಸಿಲ್ಲ. ಜಮೀನು ತನ್ನದು, ಹುಂಜವೂ ತನ್ನದು ಎಂದಳು. ತನಗೂ ಒಂದು ದಿನ ಬಿಡಬೇಕೆಂದು ಬಾಯ್ಡ್ ಜಗಳ ತೆಗೆದ. ಇಲ್ಲದ ಹುಂಜಕ್ಕಾಗಿ ಸಾಲು ಶುರುವಾಗಿತ್ತು. ಬೆಳಕು ಹರಿಯುವ ಹೊತ್ತಿಗೆ ಅಕ್ಕ ಆ ದಿಮ್ಮಿಯ ಹಿಂದೆ ಕೂತು ಹೇಟೆಯ ಹಾಗೆ ಕರೆಯುತ್ತಾಳೆ, ಕೆಳಗಿನ ಕಣಿವೆಯಲ್ಲಿ ಮಾಮ ಅದನ್ನು ಕೇಳಿಸಿಕೊಳ್ಳುತ್ತಾನೆ. ಟೋಪಿಯ ಅಂಚಿನಿಂದ ಅವಳ ನರೆಗೂದಲು ಹೊರಗೆ ಇಣುಕುತ್ತಿತ್ತು. ಬೆಳ್ಳಗಿತ್ತು.

ಹಲಗೆಯ ಬಳಿ ಅವಳ ತೋಳು ಹಿಡಿದು, ನಾಳೆ ಅಲ್ಲಿಗೆ ಹೋಗಬೇಡ ಎಂದೆ. ಯಾಕೆಂದು ಕೇಳಿದಳು. ಅಷ್ಟು ಜನರ ನಡುವೆ, ಮಾಮನ ಬೆನ್ನ ಹಿಂದೆ, ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಮೊದಲು ನಿಜವನ್ನು ಅವನ ಬಾಯಿಂದಲೇ ಒಂದು ಸಲ ಕೇಳಬೇಕಿತ್ತು. ಜಾಗ ಸರಿಯಿಲ್ಲ ಎಂದಷ್ಟೇ ಹೇಳಿದೆ.

“ಪ್ರಾರ್ಥನೆ ಮಾಡೋ ಬಾಯಲ್ಲಿ ಸುಳ್ಳು ಹೇಳ್ತೀಯಲ್ಲೋ ಲೋವೆಲ್,” ಎಂದು ನಕ್ಕಳು. “ಹುಂಜ ನಿಂಗೆ ಬೇಕು, ಅಷ್ಟೇ ತಾನೇ?”

ಮಾಮನನ್ನು ಕೂರಿಸಿಕೊಂಡು ಹೊರಟೆ. ಅವನ ಕೋವಿ ನಮ್ಮಿಬ್ಬರ ಬೆನ್ನ ಹಿಂದೆ ಕೋವಿ ಇಡುವ ಚೌಕಟ್ಟಿನಲ್ಲಿ ಕೂತು, ಹೊಂಡ ಸಿಕ್ಕಾಗಲೆಲ್ಲ ಕಟಕಟ ಅನ್ನುತ್ತಿತ್ತು. ಚರ್ಚು ದಾಟಿದ ಮೇಲೆ ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದ. ಯಾರಿಗೆಂದು ಕೇಳಿದೆ.

“ನಮ್ಮ ವರ್ನನ್ ಕಣೋ, ಬೇಲಿ ಹತ್ರ ನಿಂತಿದ್ನಲ್ಲ. ಸೊಕ್ಕು ನೋಡು, ತಿರುಗಿ ಕೈ ಎತ್ತಲಿಲ್ಲ.”

ಬೇಲಿಯ ಬಳಿ ಇದ್ದದ್ದು ಒಂದು ಗೂಟ, ಅದಕ್ಕೆ ಹಾಕಿದ ಖಾಲಿ ಮೇವಿನ ಚೀಲ. ಇದು ಒಂದು ದಿನದ ತಪ್ಪಲ್ಲ. ಎಷ್ಟು ದಿನದಿಂದ ಇವನು ಹೀಗೆ ಕೋವಿ ಹಿಡಿದು ಓಡಾಡುತ್ತಿದ್ದಾನೋ, ಎಷ್ಟು ಚೀಲಗಳಿಗೆ ಮನುಷ್ಯರೆಂದು ಕೈ ಬೀಸಿದ್ದಾನೋ, ಎಷ್ಟು ಮನುಷ್ಯರನ್ನು ಮಣಿಯ ತುದಿಯಲ್ಲಿ ಕೂರಿಸಿಕೊಂಡಿದ್ದಾನೋ.

“ಮಾಮ,” ಎಂದೆ, “ಬೆಳಿಗ್ಗೆ ಕೆಮ್ಮಿದ ಮೇಲೆ ಏನಾಯ್ತು?”

ಹಳ್ಳದ ಸೇತುವೆ ಬಂತು, ಹೋಯಿತು.

“ಯಾರ ಹತ್ರಾನೂ ಹೇಳಬೇಡ,” ಎಂದ ಕೊನೆಗೆ. ದನಿ ಇಳಿದಿತ್ತು. “ಅವ್ವ ಮಾತಾಡಿದ್ಲು. ಸತ್ತು ಮೂವತ್ತು ವರ್ಷ ಆಯ್ತು, ದಿಮ್ಮಿ ಹಿಂದೆ ಕೂತು ಅವಳದೇ ಪ್ರಾರ್ಥನೆ ಹೇಳ್ತಾ ಇದ್ಲು. ನಾನು ಓಡಿಬಿಟ್ಟೆ. ಎರಡು ಕಡೆ ಬಿದ್ದೆ.” ಪ್ಯಾಂಟನ್ನು ಮೇಲೆ ಸರಿಸಿ ತರಚಿಹೋದ ಮೊಣಕಾಲು ತೋರಿಸಿದ. “ಆಗಿನಿಂದ ಮೈ ತಣ್ಣಗೇ ಇದೆ.”

ಅವನೂ ನನ್ನಷ್ಟೇ ಹೆದರಿದ್ದ. ಅವನ ಮನೆಯ ಮುಂದೆ ಟ್ರಕ್ಕು ನಿಲ್ಲಿಸಿದೆ. ಎಂಜಿನ್ ಆರಿಸಲು ಮನಸ್ಸು ಬರಲಿಲ್ಲ. “ಅಜ್ಜಿ ಅಲ್ಲ ಮಾಮ,” ಎಂದೆ. “ನಾನು. ಬಿಳಿ ಕರವಸ್ತ್ರದಲ್ಲಿ ಮೂಗು ಅದುಮಿಕೊಂಡಿದ್ದೆ.”

ಮಾಮ ನನ್ನತ್ತ ತಿರುಗಿದ. ಕೈ ಚಾಚಿ ನನ್ನ ಕೆನ್ನೆ ಮುಟ್ಟಿದ, ಕಣ್ಣು, ಹಣೆ, ಕಿವಿ, ಒಂದೊಂದನ್ನೂ ಬೆರಳಲ್ಲಿ ತಡವಿ ನೋಡಿದ. ಬೆರಳುಗಳು ಐಸಿನ ಹಾಗಿದ್ದವು. ಅವನ ತುಟಿ ಅಲುಗಿತು, ಏನು ಹೇಳಿದನೋ ಕೇಳಿಸಲಿಲ್ಲ.

ಆಮೇಲೆ ನಿಧಾನಕ್ಕೆ ಅವನ ಬೆನ್ನು ನೆಟ್ಟಗಾಯಿತು. ಅವ್ವನ ಪ್ರಾರ್ಥನೆಯಿಂದ ನೀನು ಉಳಿದೆ, ನಾನೂ ಉಳಿದೆ, ಇದು ದೇವರು ತೋರಿಸಿದ ದಾರಿ ಎಂದ. ಕಣ್ಣಿಗೆ ಪೊರೆ ಬಂದಿದೆ ಎಂದು ಒಪ್ಪಿಕೊಂಡ. ಚಳಿಗಾಲದಿಂದಲೇ ಹೀಗೆ ಎಂದ. ಬರುವ ವಸಂತಕ್ಕೆ ತಾನು ಇರುತ್ತೇನೋ ಇಲ್ಲವೋ ಎಂದ. “ನೀನು ನಾಳೆ ನನ್ನ ಪಕ್ಕ ಕೂತ್ಕೋ, ಅಳಿಯ. ನನ್ನ ಕಣ್ಣಾಗು. ನೀನು ಹೊಡಿ ಅಂದ್ರೆ ಹೊಡೀತೀನಿ, ಬೇಡ ಅಂದ್ರೆ ಇಲ್ಲ.”

ನನ್ನ ಮನಸ್ಸು ಕರಗಿತು. ಹಾಗೆ ಮಾಡಬಹುದಲ್ಲವೇ ಎಂದುಕೊಂಡೆ. ನನಗೆ ಪೆಟ್ಟಿಗೆ ಉಜ್ಜಲು ಕಲಿಸಿದ ಕೈ ಅದು.

“ಅಷ್ಟಕ್ಕೂ ಹುಂಜ ಅಲ್ಲೇ ಇತ್ತು ಕಣೋ,” ಎಂದ ಮಾಮ, ಮಾತು ಮುಗಿಸುವವನಂತೆ. “ನಿನ್ನ ಪಕ್ಕದಲ್ಲೇ. ನಿಂಗೆ ಕಾಣಿಸಲಿಲ್ಲ ಅಷ್ಟೆ. ಆ ತಲೆ ನಾನು ನೋಡಿದೀನಲ್ಲ.”

ಅವನ ಮುಖದಲ್ಲಿ ಸುಳ್ಳಿರಲಿಲ್ಲ. ನಾನು ಬೇಡವೆಂದರೂ ಅವನು ತಾನು ಕಂಡದ್ದನ್ನೇ ನಂಬುತ್ತಾನೆ.

ಅವನು ಇಳಿದು, ಟ್ರಕ್ಕನ್ನು ಸುತ್ತಿ ನನ್ನ ಕಿಟಕಿಯ ಬಳಿಗೆ ಬಂದು, ಎರಡೂ ಅಂಗೈ ಚಾಚಿ ನಿಂತ.

“ಕೋವಿ ಕೊಡು. ಎಣ್ಣೆ ಹಾಕಿಡಬೇಕು. ನಾಲ್ಕೂವರೆಗೆ ಬಂದುಬಿಡು.”

ನಾನು ಹಿಂದಕ್ಕೆ ತಿರುಗಿ ಚೌಕಟ್ಟಿನಲ್ಲಿದ್ದ ಕೋವಿಯ ಮೇಲೆ ಕೈ ಇಟ್ಟೆ.

“ಕೊಡಲ್ಲ ಮಾಮ,” ಎಂದೆ. “ನಾಳೆಗೂ ಇಲ್ಲ, ಯಾವತ್ತಿಗೂ ಇಲ್ಲ.”