ಜೋಳದ ಹಿಟ್ಟಿನ ಹೆಬ್ಬೆರಳು

ಸಿಂದಗಿಯ ಸುವರ್ಣಾಳನ್ನು ಗುರುತಿಸಲು ಮುಖ ನೋಡಬೇಕಾಗಿಲ್ಲ, ಬಲಗೈ ಹೆಬ್ಬೆರಳು ನೋಡಿದರೆ ಸಾಕು: ಅದರ ತುದಿಗೆ ಸದಾ ಜೋಳದ ಹಿಟ್ಟು. ರೊಟ್ಟಿ ಬಡಿದ ಗುರುತಲ್ಲ ಅದು. ಬೆವರಿದ ಬೆರಳು ಮೊಬೈಲಿನ ಗಾಜಿನ ಮೇಲೆ ಜಾರಬಾರದೆಂದು, ಗುಂಡು ಹಾರಿಸುವ ಆನ್‌ಲೈನ್ ಆಟಕ್ಕೆ ಕೂರುವ ಮುನ್ನ ಅವಳು ಹಿಟ್ಟಿನ ಡಬ್ಬಿಗೆ ಬೆರಳು ಅದ್ದುತ್ತಾಳೆ. ಬೆಳಗಿನ ಒಲೆ ಆರಿದ ಮೇಲೆ ಗೋಡೆಗೆ ಬೆನ್ನು ಹಚ್ಚಿ, ಆಟದೊಳಗಿನ ತಾಲೀಮಿನ ಮೈದಾನಕ್ಕಿಳಿದು, ಓಡುವ ಗೊಂಬೆಗಳ ನೆತ್ತಿಗೇ ಗುರಿಯಿಡುತ್ತಾಳೆ. ತಪ್ಪಿದರೆ “ಹೋಗ್ಲಿ, ಇನ್ನೊಮ್ಮಿ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಮೊದಮೊದಲು ಗುಂಡೆಲ್ಲ ಆಕಾಶದ ಪಾಲು. ಸಿಡಿದ ಬಂದೂಕು ಮೇಲಕ್ಕೇಳುತ್ತದೆ, ಬೆರಳನ್ನು ಮೆಲ್ಲಗೆ ಕೆಳಕ್ಕೆಳೆಯಬೇಕೆಂದು ಕಲಿಸಿದವರಿಲ್ಲ. ತಪ್ಪಿ ತಪ್ಪಿ ಕಲಿತಳು.

ಚಹಾದಂಗಡಿಯಲ್ಲಿ ದಿನವಿಡೀ ಅದೇ ಆಟವಾಡುವ ಗಂಡಸರಿಗೆ ಅದು ಹವ್ಯಾಸ, ಹೆಂಗಸು ಮುಟ್ಟಿದರೆ ಚಟ! ಈ ನ್ಯಾಯ ಯಾವ ಧರ್ಮಶಾಸ್ತ್ರದ್ದೆಂದು ಕೇಳಿದರೆ ಎಲ್ಲರಿಗೂ ಚಹಾ ಕುಡಿಯುವ ಅವಸರ.

ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಕೂತು ಆಡುವ ಗಂಡ ಸಂಗಮೇಶ ಅವಳನ್ನು ತನ್ನ ನಾಲ್ವರ ತಂಡಕ್ಕೆ ಸೇರಿಸಿದ. ಮೊದಲ ಪಂದ್ಯದಲ್ಲೇ ಎಡವಟ್ಟಾಯಿತು. ಆಟದಲ್ಲಿ ಅವನ ಬೆನ್ನ ಹಿಂದೆ ಎದುರಾಳಿ ಬಂದದ್ದು ಸುವರ್ಣಾಳಿಗಷ್ಟೇ ಕಂಡಿತು. ಪಕ್ಕದಲ್ಲಿ ಅತ್ತೆ ಗುರವ್ವ ತೊಗರಿ ಹಸನು ಮಾಡುತ್ತಿದ್ದಳು. ಪ್ರಾಸ ಕಟ್ಟಿ ಒಡಪಿನೊಳಗೆ ಹೆಣೆಯದೆ ಗಂಡನ ಹೆಸರು ಹೇಳುವ ವಾಡಿಕೆ ಆ ಮನೆಯಲ್ಲಿರಲಿಲ್ಲ.

“ಇವರ ಹಿಂದ! ಇವರ ಹಿಂದ!”

“ಯಾರ ಹಿಂದ್ರೀ ವೈನಿ?” ತಂಡದ ನಾಯಕ ಸೋಮನಿಂಗ ಫೋನಿನೊಳಗಿಂದ ಒದರಿದ.

ಗಾಬರಿಯಲ್ಲಿ ಅವಳ ಬಾಯಿಗೆ ಮದುವೆಯ ಒಡಪೇ ಬಂತು: “ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ...” ಹೆಸರು ಬರುವಷ್ಟರಲ್ಲಿ ಸಂಗಮೇಶ ನೆಲಕಚ್ಚಿದ್ದ.

“ಒಡಪು ಮದವ್ಯಾಗ ಹೇಳ್ರಿ,” ಸೋಮನಿಂಗ ರೇಗಿದ. “ ಐತವಾರ ಇಂಡಿ ಊರಿನವರ ಜೋಡಿ ಆಟ ಐತಿ. ಮತ್ತ ಹಿಂಗಾದ್ರ ನಿಮ್ಮ ಜಾಗಾಕ ಬ್ಯಾರೆಯವರನ್ನ ಹಾಕ್ತೇನಿ.”

ಮರುದಿನದಿಂದ ಹೆಬ್ಬೆರಳಿನ ಜೊತೆ ನಾಲಿಗೆಗೂ ತಾಲೀಮು ಶುರುವಾಯಿತು. ಒಂದು ಗುಂಡಿಗೆ ಒಂದು “ಸಂಗಮೇಶ”, ಅದೂ ಉಸಿರಿನಲ್ಲಿ. ಗುಂಡು ತಾಗುತ್ತಿತ್ತು, ದನಿ ಏಳುತ್ತಿರಲಿಲ್ಲ.

“ಯಾರ ಹೆಸರಿನ ಜಪಾ ಮಾಡಾಕತ್ತೀಯವಾ?” ಗುರವ್ವ ಕೇಳಿಯೇಬಿಟ್ಟಳು.

“ಜಪಾ ಅಲ್ರೀ ಅತ್ತಿ, ತಾಲೀಮು.” ವಿಷಯ ತಿಳಿದು ಮುದುಕಿ ಮೊರ ಕೆಳಗಿಟ್ಟಳು.

“ನಿಮ್ಮ ಮಾವನ ಹಿಂದ ಹಾವ ಹೆಡಿ ಎತ್ತಿದಾಗ ನಾ ಒಡಪ ಕಟ್ಟಕೋತ ಕುಂತಿದ್ನೇನ? ಹೆಸರ ಹಿಡದ ಒದರಿದ್ನಿ. ಹಾವೂ ಹೋತು, ನಾಚಿಕಿನೂ ಹೋತು, ಗಂಡ ಉಳದ. ಒದರು!”

ಐತವಾರ ಮತ್ತೆ ಅದೇ ಗಳಿಗೆ ಬಂತು.

“ಸಂಗೂ, ಹಿಂದ!”

ಅವನು ತಿರುಗಿದ, ಇವಳ ಬೆರಳು ಕೆಳಕ್ಕೆಳೆಯಿತು, ಎದುರಾಳಿ ಉರುಳಿದ.

“ಹೆಸರ ಹೇಳಂದ್ರ ಸಲಿಗೀನ ಮಾಡಿದೆಲ್ಲ!” ಎಂದು ಗುರವ್ವ ನಕ್ಕಳು. ಪಂದ್ಯವನ್ನು ಇಂಡಿಯವರೇ ಕೂದಲೆಳೆಯಲ್ಲಿ ಗೆದ್ದರು. ಆದರೂ ಸೋಮನಿಂಗ ಹೇಳಿದ: “ಮುಂದಿನ ಆಟಕ್ಕ ಯಾರು ಎಲ್ಲಿದ್ದಾರಂತ ನೀವ ಕೂಗ್ರೀ ವೈನಿ, ನಾವು ಕೇಳ್ತೇವಿ.”

ಸುವರ್ಣಾಳಂಥವರಿಗೆ ಗುರುವಿಲ್ಲ, ಬಿಡುವನ್ನಂತೂ ಯಾರೂ ಕೊಟ್ಟದ್ದಿಲ್ಲ. ಒಲೆಗೂ ಊಟಕ್ಕೂ ನಡುವೆ ಕದ್ದ ಹೊತ್ತಿನಲ್ಲಿ ತಪ್ಪುತ್ತ, ಇನ್ನೊಮ್ಮೆ ಎನ್ನುತ್ತ ಕೈ ಪಳಗಿಸಿಕೊಳ್ಳುತ್ತಾರೆ. ದನಿ ಪಳಗುವುದು ತುಸು ತಡ. ಅದೂ ಪಳಗಿತೆಂದರೆ, ಚಹಾದಂಗಡಿಯ ಗಂಡಸರು ಆಗಾಗ ಹಿಂದೆ ತಿರುಗಿ ನೋಡಿಕೊಳ್ಳುವುದು ಕ್ಷೇಮ.