ಗಾಜಿನೊಳಗಿನ ಬೆಡಗು

ರಾಯದುರ್ಗದ ಯರ್ರಿಸ್ವಾಮಿಯ ಬೆಡಗು ದೇವರ ಗೂಡಿನ ಮೇಲೆ ಮೊಳೆಗೆ ನೇತಾಡುತ್ತಿತ್ತು. ಉಳಿದವರಿಗೆ ಬೆಡಗೆಂದರೆ, ಅಂದರೆ ಕುಲದ ಗುರುತೆಂದರೆ, ಹೊಲದಲ್ಲೋ ಹಳ್ಳದ ದಂಡೆಯಲ್ಲೋ ಕಾಣುವ ಮರ. ಅದನ್ನು ಕಡಿಯುವಂತಿಲ್ಲ, ಸುಡುವಂತಿಲ್ಲ, ಒಂದೇ ಬೆಡಗಿನವರು ಅಣ್ಣತಂಗಿಯರಾದ್ದರಿಂದ ಮದುವೆಯಾಗುವಂತಿಲ್ಲ. ಇವರದು ಮಾತ್ರ ಗಾಜಿನೊಳಗಿನ ಮರ. ಬಳ್ಳಾರಿಯಲ್ಲಿ ಯಾವನೋ ದೊರೆಯ ಬಂಗಲೆ ಹರಾಜಾದಾಗ ತಾತ ತಂದ ಹಳೇ ಚಿತ್ರ: ಬೆರಳು ಬಿಡಿಸಿದ ಹಸ್ತದಂಥ ಎಲೆ, ಕೈಯಿಂದ ಬಣ್ಣ ತುಂಬಿದ ಕೆಂಪು ಹೂಗೊಂಚಲು, ಕೆಳಗೆ ಸಣ್ಣಕ್ಷರದ ಇಂಗ್ಲಿಷು. ತಾತ ಇದೇ ನಮ್ಮ ಮರ ಎಂದ, ಹೆಸರು ಹೇಳದೆ ಸತ್ತ. ಅಂಥ ಮರ ತಾಲೂಕಿನಲ್ಲೇ ಇಲ್ಲದ್ದರಿಂದ ಅದನ್ನು ಕಡಿಯಬಾರದೆಂಬ ನೇಮವನ್ನು ಮನೆಯವರು ಒಂದಿಷ್ಟೂ ತಪ್ಪದೆ ಪಾಲಿಸಿದ್ದರು.

ಯರ್ರಿಸ್ವಾಮಿಗೆ ಇದ್ದವಳೊಬ್ಬಳೇ ಮಗಳು, ಶಿವಲೀಲಾ. ಅವಳೂ ಡಿ. ಹಿರೇಹಾಳಿನ ಮುತ್ತುರಾಜನೂ ಒಬ್ಬರನ್ನೊಬ್ಬರು ಮೆಚ್ಚಿ, ಎರಡೂ ಮನೆಯವರು ಹ್ಞೂಂ ಅಂದಿದ್ದರು. ಬೆಡಗು ಕೇಳುವುದೊಂದು ಬಾಕಿಯಿತ್ತು. ಅದಕ್ಕೆಂದು ಹುಡುಗನ ದೊಡ್ಡಪ್ಪ ದೊಡ್ಡತಿಮ್ಮಪ್ಪ ಬಂದ. ಯರ್ರಿಸ್ವಾಮಿ ಚಿತ್ರ ತೋರಿಸಿದ. ದೊಡ್ಡತಿಮ್ಮಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ.

"ಹಸ್ತದಂಥ ಎಲಿ, ಕೆಂಪು ಹೂವು. ಇದು ಬೂರುಗ ಐತ್ರೀ. ನಮ್ದೂ ಬೂರುಗನ. ಅಣ್ಣತಂಗಿಗೆ ಮದುವಿ ಮಾಡಾಕ ಬರಂಗಿಲ್ಲ."

ಟೀ ಕುಡಿಯದೆ ಎದ್ದು ಹೋದ. ಶಿವಲೀಲಾ ಎರಡು ಹೊತ್ತು ಉಣ್ಣಲಿಲ್ಲ. ಆಮೇಲೆ ಅವಳೇ ಚಿತ್ರದ ಫೋಟೋ ಹೊಡೆದು, ತನಗೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟ ರೇಖಾ ಮೇಡಂಗೆ ಕಳಿಸಿದಳು. ಮೇಡಂ ಇಂಗ್ಲಿಷು ಓದಿ ಹೇಳಿದರು: ಇದು ಬೂರುಗವಲ್ಲ, ನಮ್ಮ ಸೀಮೆಯದೇ ಅಲ್ಲ. ಪರದೇಶದಲ್ಲಿ ಸಮುದ್ರದ ಆಚೆಗೊಂದು ಈಚೆಗೊಂದು ಇದ್ದ ಎರಡು ಜಾತಿ ಕೂಡಿ ಹುಟ್ಟಿದ, ತೋಟದ ಚಂದಕ್ಕೆ ಬೆಳೆಸುವ ಹೈಬ್ರಿಡ್ ಮರ.

ದೊಡ್ಡತಿಮ್ಮಪ್ಪನನ್ನು ಮತ್ತೆ ಕರೆಸಿದರು. ಹೈಬ್ರಿಡ್ ಎಂದಾಗ ಅವನ ಮುಖ ಇನ್ನಷ್ಟು ಸಿಂಡರಿಸಿತು. ಹೈಬ್ರಿಡ್ ಜೋಳವನ್ನೇ ತಾವು ದೇವರ ಎಡೆಗೆ ಇಡುವುದಿಲ್ಲ, ಇನ್ನು ಬೆಡಗಿಲ್ಲದ ಮನೆಯ ಹೆಣ್ಣು ತರುವುದುಂಟೇ ಎಂದ. ಬೂರುಗವೆಂದರೆ ತಂಗಿ, ಅಲ್ಲವೆಂದರೆ ದಿಕ್ಕಿಲ್ಲದವಳು. ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಯರ್ರಿಸ್ವಾಮಿಯ ತಾಯಿ ತಿಪ್ಪಕ್ಕ ಮೂಲೆಯಿಂದ ಬಾಯಿ ಹಾಕಿದಳು.

"ನಾ ಸೊಸಿಯಾಗಿ ಬಂದಾಗಿಂದ ಇದಕ್ಕ ಕಾಯಿ ಒಡದೀನಿ. ನಮಗ ಬೆಡಗ ಇಲ್ದಿದ್ರ ಯಾಕ ಒಡೀತಿದ್ವಿ? ಇದು ನಿಮ್ದಲ್ಲ, ಯಾರ್ದೂ ಅಲ್ಲ. ನಮ್ದು."

ದೊಡ್ಡತಿಮ್ಮಪ್ಪ ತಲೆ ಕೆರೆದುಕೊಂಡ. ಹಾಗಾದರೆ ಇವರಿಗೆ ಬೇರಾರೂ ಅಣ್ಣತಂಗಿಯರಲ್ಲ, ಇವರ ಹೆಣ್ಣನ್ನು ಲೋಕದಲ್ಲಿ ಯಾರಿಗೆ ಕೊಟ್ಟರೂ ನಡೆದೀತು ಎಂಬುದು ನಿಧಾನವಾಗಿ ಅವನ ತಲೆಗೆ ಹೋಯಿತು. ಒಪ್ಪಿ ಟೀ ಕೇಳಿದ. ಒಳಗೆ ಶಿವಲೀಲಾ ನಗುವುದು ಹೊರಗೆ ಕೇಳಿಸಿತು.

ಬೀಗರಾದ ಮೇಲೆ ವಿಚಾರಿಸಬೇಕಲ್ಲ, ಈ ಬೆಡಗಿನವರು ಎಷ್ಟು ಮನೆ ಇದ್ದಾರೆಂದು ದೊಡ್ಡತಿಮ್ಮಪ್ಪ ಕೇಳಿದ. ಒಂದೇ ಎಂದ ಯರ್ರಿಸ್ವಾಮಿ.

"ಹುಡುಗಿ ನಾಳಿ ನಮ್ಮ ಬೂರುಗಕ್ಕ ಸೇರ್ತಾಳ. ಆಮ್ಯಾಲ?"

ಯರ್ರಿಸ್ವಾಮಿ ಇದನ್ನು ಯೋಚಿಸಿಯೇ ಇರಲಿಲ್ಲ. ಗಂಡುಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ತಾಯಿಯತ್ತ ನೋಡಿದ, ಅವಳು ಸೆರಗು ಸರಿಮಾಡಿಕೊಂಡಳು. ಮಗಳು ಟೀ ತಂದು ಮುಂದೆ ಹಿಡಿದಳು. ಅವಳ ಮುಖ ನೋಡಿ ಅವನಿಗೆ ಸಂತೋಷವೂ ಆಯಿತು, ಅಳುವೂ ಬಂತು.

"ಆಮ್ಯಾಲ ನಾನೊಬ್ನ ರೀ" ಎಂದು ಲೋಟ ತೆಗೆದುಕೊಂಡ.