ಹೊಳೆಯಂಚಿನ ಹುಲ್ಲು

ಸೊಸೆಗೆ ಬೆಳಗ್ಗಿನಿಂದ ಎದೆ ಡವಡವ. ಸರ್ಕಾರದ ಸಾಹೇಬರು ಹುಲ್ಲು ನೋಡಲು ಬರುವ ದಿನ. ಹೌದು, ಹುಲ್ಲೇ! ಹೊಳೆಯುದ್ದದ ನೆಲದ ಪಟ್ಟಿಯಲ್ಲಿ ದನ ಮೇಯಿಸದೆ, ಕುಡುಗೋಲು ಆಡಿಸದೆ ಹತ್ತು ವರ್ಷ ಬಿಟ್ಟರೆ ದಡ ಕುಸಿಯುವುದಿಲ್ಲ, ನೀರು ಕೆಡುವುದಿಲ್ಲ ಎಂದು ಸರ್ಕಾರ ವರ್ಷವರ್ಷವೂ ಸಹಾಯಧನ ಕೊಡುತ್ತಿತ್ತು. ಒಂದೇ ಒಂದು ದನ ಒಳಗೆ ಕಾಲಿಟ್ಟಿತೋ, ಕರಾರು ರದ್ದು. ಇದುವರೆಗೆ ಆರು ವರ್ಷ ತಿಂದದ್ದನ್ನೆಲ್ಲ ಕಕ್ಕಬೇಕು. ಕಕ್ಕಲು ಏನಿದೆ ಮಣ್ಣು? ಆ ದುಡ್ಡೆಲ್ಲ ಬೇಲಿಯಾಗಿ, ಕೊಟ್ಟಿಗೆಯ ಸೂರಾಗಿ ನಿಂತಿತ್ತು. ಮಂದೆಯನ್ನೇ ಮಾರಬೇಕಾಗುತ್ತಿತ್ತು.

ಅವಳು ರುಜು ಹಾಕಿದ ದಿನ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. “ದನಾನ ಆಚೆ ನಿಲ್ಲಿಸಿ ಹುಲ್ಲು ಬೆಳೆಸೋರು ನಾವೇ ಇರ್ಬೇಕು ಕಣಮ್ಮಾ!” ಈಗ ಅವರಿಗೆ ಆ ನಗುವೂ ನೆನಪಿಲ್ಲ, ಸೊಸೆಯ ಹೆಸರೂ ನೆನಪಿಲ್ಲ. ಮರೆಯದೆ ಉಳಿದದ್ದು ಒಂದೇ: ಜೇಬಿನ ತುಂಬ ಉಪ್ಪಿನ ಹರಳು ತುಂಬಿಕೊಂಡು ದಿನಾ ದನಗಳಿಗೆ ನೆಕ್ಕಿಸುವುದು. ಗಂಡ ಹಾಲಿನ ಲಾರಿ ಹತ್ತಿದರೆ ಸಂಜೆಗೇ ಇಳಿಯುವುದು. ಮಾವನ ಮೇಲೆ ಕಣ್ಣಿಡುವ ಕೆಲಸ ಸೊಸೆಯದು.

ಇವತ್ತು ಆ ಹಾಳು ದನಗಳೂ ಪಟ್ಟಿಯ ಗೇಟಿಗೆ ಮುತ್ತಿಕೊಂಡು ಒಂದೇ ಸಮನೆ ಕೂಗುತ್ತಿದ್ದವು. “ಸಾಹೇಬ್ರ ಮುಂದೆ ನನ್ನ ಮಾನ ಕಳೀಬೇಕು ಅಂತಿದೀರಾ?” ಎಂದು ಬೈದು ಎರಡು ಸಲ ಅಟ್ಟಿದ್ದಳು.

ಸಾಹೇಬರು ಬಂದರು. ಬೇಲಿಯುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ ನಡೆದವರು ಒಂದು ಕಡೆ ನಿಂತುಬಿಟ್ಟರು.

“ಏನಮ್ಮಾ ಇದು? ಇಲ್ಲಿ ಏನೋ ನುಗ್ಗಿದೆಯಲ್ಲ.”

ತಂತಿ ಸಡಿಲವಾಗಿತ್ತು. ಆಚೆ ಹುಲ್ಲು ಸೀಳಿಕೊಂಡಿತ್ತು. ಅವಳು ಬಗ್ಗಿ ನೋಡಿದರೆ ಗೊರಸಿನ ಗುರುತಿಲ್ಲ. ಒಂದು ಚಪ್ಪಲಿ ಬಿದ್ದಿತ್ತು. ಸದ್ಯ, ದನ ಅಲ್ಲ ಎಂದು ಉಸಿರು ಬಿಟ್ಟಳು. ಆಮೇಲೆ ಹೊಳೆಯಿತು, ಅದು ಮಾವನ ಚಪ್ಪಲಿ. ಥೂ, ಎಂಥ ಹೆಂಗಸು ನಾನು ಎನ್ನಿಸಿತು.

“ಮಾವಾ! ಮಾವಾ!”

ಆಳೆತ್ತರದ ಹುಲ್ಲು. ನಾಲ್ಕು ಹೆಜ್ಜೆ ಹೋದರೆ ಬಂದ ದಾರಿಯೇ ಕಾಣದು. ಅದರಾಚೆ ಹೊಳೆ, ಎರಡಾಳು ಆಳ. ಎಷ್ಟು ಕೂಗಿದರೂ ಉತ್ತರವಿಲ್ಲ. ಈ ಹುಲ್ಲನ್ನು ಬೆಳೆಸಿದವಳು ತಾನೇ ಎಂಬುದು ಅವಳಿಗೆ ನೆನಪಾಯಿತು.

“ಫೋನ್ ಮಾಡ್ತೀನಿ, ಜನ ಬರ್ಲಿ,” ಎಂದರು ಸಾಹೇಬರು.

“ಜನ ಬರೋ ತನಕ ಹೊಳೆ ಕಾಯುತ್ತಾ?”

ಗೇಟಿನ ಹತ್ತಿರ ದನಗಳು ಮತ್ತೆ ಕೂಗಿದವು. ಎಲ್ಲವೂ ಒಂದೇ ಕಡೆಗೆ ಮೂತಿ ಚಾಚಿದ್ದವು. ಇವತ್ತಿನ ಉಪ್ಪು ಅವಕ್ಕೆ ಸಿಕ್ಕಿರಲಿಲ್ಲ, ಉಪ್ಪು ತುಂಬಿದ ಮಾವನ ಜೇಬು ಎಲ್ಲಿದೆ ಎಂದು ಅವಕ್ಕೆ ಗೊತ್ತಿತ್ತು. ಅವಳು ಓಡಿ ಅಗುಳಿಗೆ ಕೈ ಹಾಕಿದಳು.

“ಅಮ್ಮಾ, ಬೇಡ! ನನ್ನ ಕಣ್ಮುಂದೆ ಒಳಗೆ ಬಿಟ್ರೆ ನಾನು ಬರೀಲೇಬೇಕಾಗುತ್ತೆ!”

“ಬರ್ಕೊಳ್ಳಿ!”

ಗೇಟು ತೆರೆದದ್ದೇ ತಡ, ಮಂದೆಯ ಮುದಿ ಹಸು ಎಡಕ್ಕೆ ಹೊರಳಿ ಸೀದಾ ನುಗ್ಗಿತು. ಉಳಿದವು ಅದರ ಹಿಂದೆ. ಅವು ತುಳಿದ ಜಾಡಿನಲ್ಲಿ ಇಬ್ಬರೂ ಎದ್ದುಬಿದ್ದು ಓಡಿದರು.

ಮಾವ ದಡದ ಅಂಚಿನಲ್ಲಿ ನೀರಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಮುದಿ ಹಸು ಅವರ ಅಂಗೈ ನೆಕ್ಕುತ್ತಿತ್ತು. ಸೊಸೆ ಉಸಿರು ಬಿಗಿಹಿಡಿದು ಹಿಂದಿನಿಂದ ಹೋಗಿ, ಎರಡೂ ಕಂಕುಳಿಗೆ ಕೈ ಹಾಕಿ ಅವರನ್ನು ಈಚೆಗೆ ಎಳೆದುಕೊಂಡಳು. ಆಮೇಲೆ ಅವರ ತೋಳು ಹಿಡಿದು ಪಕ್ಕದಲ್ಲೇ ಕೂತಳು.

ಸಾಹೇಬರು ಏದುಸಿರು ಬಿಡುತ್ತ ಪುಸ್ತಕ ತೆಗೆದರು. “ಎಷ್ಟು ದನ ಅಮ್ಮಾ?”

“ಮೂವತ್ತೆರಡು. ಒಂದನ್ನೂ ಬಿಡಬೇಡಿ, ಬರ್ಕೊಳ್ಳಿ.”

ಸುತ್ತ ದನಗಳು ಗಬಗಬ ಮೇಯತೊಡಗಿದ್ದವು. ಮಾವ ಅವನ್ನೇ ನೋಡಿ, ಪಕ್ಕದಲ್ಲಿದ್ದ, ತಮಗೆ ಗುರುತು ಸಿಗದ ಹೆಂಗಸಿನ ಕಡೆ ತಿರುಗಿದರು.

“ಪಾಪ, ಎಷ್ಟು ಹಸಿದಿವೆ ನೋಡು ತಾಯಿ. ಇಂಥಾ ಹುಲ್ಲನ್ನ ಇಷ್ಟು ದಿನ ಬಚ್ಚಿಟ್ಟಿದ್ದೋರು ಯಾರು?”

“ನಾನೇ ಮಾವ,” ಎಂದಳು ಸೊಸೆ. ಅವರ ತೋಳನ್ನು ಮಾತ್ರ ಬಿಡಲಿಲ್ಲ.